ಅಳೆಣ್ಣೆ ಪ್ರಕರಣ

“ಶುಕ್ರವಾರ ಬೆಳಿಗ್ಗೆ ಐದಕ್ಕೆ ಈ ರಥ ಕನ್ಯಾಕುಮಾರಿಗೆ ಹೊರಡುತ್ತದೆ! ಸಾರಥಿ ನಾನೇ, ರಥವನ್ನು ಸಜ್ಜುಗೊಳಿಸುವವನೂ ನಾನೇ!”

ಯೋಗಾನರಸಿಂಹ ಮೇಷ್ಟ್ರು ಹೀಗೆ ಘೋಷಿಸಿದ್ದು ಮಂಡ್ಯದ ತಮ್ಮ ಮನೆಯ ಗೇಟಿನ ಮುಂದೆ, ಒಂದು ಭಾನುವಾರ, ಹೆಂಡತಿ ಗೋದಮ್ಮ ಮತ್ತು ಎದುರುಮನೆಯ ಯಶೋದಮ್ಮನವರ ಸಮಕ್ಷಮದಲ್ಲಿ. ರಥವೆಂದರೆ ಹಿಂದಿನ ದಿನವಷ್ಟೇ ಮೈಸೂರಿನ ಡಾಕ್ಟರೊಬ್ಬರಿಂದ ಕೊಂಡು ತಂದ ಕೆಂಪು ಸ್ಪೋರ್ಟ್ಸ್ ಕಾರು. ವಯಸ್ಸು ಇಪ್ಪತ್ತೆರಡು. ಎರಡೇ ಬಾಗಿಲು, ಎರಡೇ ಸೀಟು, ಮಡಚಿ ಹಿಂದಕ್ಕೆ ತಳ್ಳುವ ಬಟ್ಟೆಯ ಟಾಪು. ನೆಲಕ್ಕೆ ಎಷ್ಟು ಹತ್ತಿರವೆಂದರೆ ನೋಡಲು ಬಂದವರೆಲ್ಲ ಮೊದಲು ಸೊಂಟ ಬಗ್ಗಿಸಬೇಕು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ತಮ್ಮೆದುರು ಇಷ್ಟು ಜನ ಬಗ್ಗಿದ್ದನ್ನು ಎಂದೂ ಕಂಡಿರಲಿಲ್ಲ!

ಗೋದಮ್ಮ ಒಂದು ಸಲ ಒಳಗೆ ಕೂತು ನೋಡಿದರು. ಕೂರುವುದೇನೋ ಸಲೀಸಾಗಿ ಆಯಿತು. ಎಬ್ಬಿಸಲು ಯಶೋದಮ್ಮನವರೂ ಕೈ ಕೊಡಬೇಕಾಯಿತು.

“ಏನೂಂದ್ರೆ, ಇದು ಕಾರೋ, ಊಟದ ಮಣೆಯೋ? ಕೂತ್ರೆ ಎಲೆ ಹಾಕಿ ಬಡಿಸ್ಬೇಕು ಅನ್ಸತ್ತೆ!”

“ಸ್ಪೋರ್ಟ್ಸ್ ಕಾರು ಅಂದ್ರೆ ಹಾಗೇ ಗೋದಾ. ಗಾಳಿ ಮೇಲಿಂದ ಹಾರಿ ಹೋಗ್ಬೇಕು.”

“ಗಾಳಿ ಮೇಲಿಂದ ಹೋಗ್ಲಿ. ರೋಡಿನ ಹಂಪು ಎಲ್ಲಿಂದ ಹೋಗತ್ತೆ?”

ಮೇಷ್ಟ್ರು ಕೇಳಿಸದವರಂತೆ ಹೆಡ್‌ಲೈಟು ಒರೆಸಿದರು. ಅವರ ಉತ್ಸಾಹಕ್ಕೆ ಕಾರಣ ಕಾರು ಮಾತ್ರ ಆಗಿರಲಿಲ್ಲ. ಮದುವೆಯಾದ ವರ್ಷವೇ ಅವರು ಗೋದಮ್ಮನಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ಮೊದಲ ಸಲ ಹೊರಟಾಗ ಚುನಾವಣೆಯ ಕೆಲಸ ಬಿತ್ತು. ಎರಡನೆಯ ಸಲ ಜನಗಣತಿ. ಮೂರನೆಯ ಸಲ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಲು ಕರೆ ಬಂತು. ಹೀಗೆ ಮೂವತ್ತು ವರ್ಷ ಕಳೆದು, ಗೋದಮ್ಮ ಕಂಡ ಅತಿ ದೊಡ್ಡ ನೀರು ಕನ್ನಂಬಾಡಿ ಕಟ್ಟೆಯ ಹಿನ್ನೀರೇ ಆಗಿ ಉಳಿದಿತ್ತು. ಮೇಷ್ಟ್ರಿಗೆ ಒಂದೇ ಆಸೆ: ಮೊಟ್ಟಮೊದಲ ಸಲ ಸಮುದ್ರ ಕಂಡ ಗಳಿಗೆಯಲ್ಲಿ ಗೋದೆಯ ಮುಖ ಹೇಗಿರುತ್ತದೆ ಎಂದು ಪಕ್ಕದಲ್ಲಿ ನಿಂತು ನೋಡಬೇಕು. ಯಾರಿಗೂ ಹೇಳಿಕೊಳ್ಳದಿದ್ದರೂ ಆ ಆಸೆ ಅವರನ್ನು ಬಿಟ್ಟಿರಲಿಲ್ಲ, ಅದು ಗೋದಮ್ಮನಿಗೆ ತಿಳಿಯದೆಯೂ ಇರಲಿಲ್ಲ.

ಆದರೆ ಗೋದಮ್ಮನ ತಮ್ಮ ಮಧುಕರನದೊಂದು ಕಂಟಕವಿತ್ತು. ಅವನು ಶಿವನಸಮುದ್ರದ ಪವರ್ ಹೌಸಿನಲ್ಲಿ ನೌಕರ. ಅದೇ ಶುಕ್ರವಾರ ತನ್ನ ಜೊತೆಯವರ ಸಂಸಾರಗಳನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಅದೇ ಕನ್ಯಾಕುಮಾರಿಗೆ ಹೊರಟಿದ್ದ. “ಒಂದೇ ಸೀಟು ಉಳಿದಿದೆ ಅಕ್ಕ, ಮಳವಳ್ಳೀಲಿ ಹತ್ಕೊ” ಎಂದು ಫೋನು ಮಾಡಿದ್ದ.

“ಕೇಳಿಸ್ಕೊಳ್ಳಿ,” ಎಂದರು ಗೋದಮ್ಮ. “ಈ ಸಲ ನಾನು ಸಮುದ್ರ ನೋಡೋದೇ ಸೈ. ನಿಮ್ಮ ಮಣೆ ಶುಕ್ರವಾರ ಹೊರಡ್ತೋ, ಸರಿ. ಇಲ್ವೋ, ನಾನು ವ್ಯಾನು ಹತ್ತೋಳೇ. ನೀವು ಇಲ್ಲೇ ಕೂತು ಕಾರು ಒರೆಸ್ತಿರಿ.”

ಸೋಮವಾರ, ಮಂಗಳವಾರ ಮೇಷ್ಟ್ರು ಮೈಮುರಿದು ದುಡಿದರು. ಹೊಸ ಸ್ಪ್ಯಾನರ್ ಸೆಟ್ಟು ತಂದು ಸಾಲಾಗಿ ಜೋಡಿಸಿದರು. ವೈಪರ್ ಬದಲಾಯಿಸಿದರು, ಟೈರಿಗೆ ಗಾಳಿ ಹಿಡಿಸಿದರು, ಬೀದಿಗೆಲ್ಲ ಕೇಳುವಂತೆ ಹಾರನ್ನು ಪರೀಕ್ಷಿಸಿದರು. ಕಡೆಗೆ ಬಾನೆಟ್ ಎತ್ತಿದರು. ಒಳಗಿದ್ದವರಲ್ಲಿ ಅವರಿಗೆ ಮುಖಪರಿಚಯವಿದ್ದದ್ದು ಬ್ಯಾಟರಿಯದು ಮಾತ್ರ! ಮೆಲ್ಲಗೆ ಮುಚ್ಚಿ, ಒಳಗೆ ಹೋಗಿ, ಗೋದಮ್ಮನಿಗೆ ಕೇಳಿಸದ ಹಾಗೆ ಮದ್ದೂರಿನ ರೂಪಳಿಗೆ ಫೋನು ಮಾಡಿದರು.

ರೂಪ ಮದ್ದೂರಿನ ಮಳವಳ್ಳಿ ರಸ್ತೆಯಲ್ಲಿರುವ ಗ್ಯಾರೇಜಿನ ಒಡತಿ. ಅಪ್ಪನಿಂದ ಕಲಿತ ಕೆಲಸ. ಪಂಪ್‌ಸೆಟ್ಟಿನಿಂದ ಟ್ರ್ಯಾಕ್ಟರಿನವರೆಗೆ ಅವಳ ಕೈಗೆ ಬಗ್ಗದ ಯಂತ್ರವಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅವಳು ಮೇಷ್ಟ್ರ ಶಿಷ್ಯೆ, ಅದಕ್ಕಿಂತ ಹೆಚ್ಚಾಗಿ ಅವರ ಸೋಲು. ಯಾಕೆಂದರೆ ಮೇಷ್ಟ್ರು ತಮ್ಮ ಇಡೀ ವೃತ್ತಿಜೀವನವನ್ನು ‘ಹ’ ಎಂಬ ಒಂದು ಅಕ್ಷರದ ರಕ್ಷಣೆಗಾಗಿ ಮುಡಿಪಿಟ್ಟವರು. ಅವರ ಸೀಮೆಯಲ್ಲಿ ಹಳ್ಳಿ ಅಳ್ಳಿಯಾಗಿತ್ತು, ಹಾಲು ಆಲಾಗಿತ್ತು, ಹಸು ಅಸುವಾಗಿತ್ತು.

“ಅಸು ಅಂದ್ರೆ ಪ್ರಾಣ ಕಣಮ್ಮ! ಪ್ರಾಣ ಎಲ್ಲಾದ್ರೂ ಹಾಲು ಕೊಡತ್ತಾ?” ಎಂದು ಗುಡುಗಿ, ‘ಹಸು ಹಾಲು ಕೊಡುತ್ತದೆ’ ಎಂದು ಇನ್ನೂರು ಸಲ ಬರೆಸಿದ್ದರು. ರೂಪ ಒಂದೂ ತಪ್ಪಿಲ್ಲದೆ ಬರೆದು ತಂದು, “ಬರ್ದಿವ್ನಿ ಸಾ, ಅಸು ಆಲು ಕೊಡ್ತದೆ” ಎಂದು ಕೈಗಿಟ್ಟಿದ್ದಳು!

ಅಂದಿನಿಂದ ಮೇಷ್ಟ್ರು ಜನರನ್ನು ತಿದ್ದುವುದು ಬಿಟ್ಟು, ಬಿದ್ದುಹೋದ ‘ಹ’ವನ್ನು ಮನಸ್ಸಿನಲ್ಲೇ ಸೇರಿಸಿ ಅರ್ಥಮಾಡಿಕೊಳ್ಳುವ ವಿದ್ಯೆ ರೂಢಿಸಿಕೊಂಡರು. ಈ ವಿದ್ಯೆಯಲ್ಲಿ ಜಿಲ್ಲೆಗೇ ತಾವೊಬ್ಬರೇ ಎಂಬ ಹೆಮ್ಮೆಯೂ ಅವರಿಗಿತ್ತು.

ಬುಧವಾರ ಬೆಳಿಗ್ಗೆ ಬರುತ್ತೇನೆಂದಿದ್ದ ರೂಪ ಬರಲಿಲ್ಲ. ಅವಳ ಫೋನು ಬಂತು. ಹಿಂದೆ ಟ್ರ್ಯಾಕ್ಟರೊಂದು ಎದೆ ನಡುಗುವಂತೆ ಗುಡುಗುತ್ತಿತ್ತು.

“ಸಾ, ಕಬ್ಬಿನ ಟ್ರ್ಯಾಕ್ಟರ್ ಒಂದು ಕೆಟ್ಟು ಕುಂತದೆ. ಮೂರ್ ಗಂಟೆಗ್ ಬತ್ತೀನಿ. ಅಸ್ಟೊತ್ಗೆ ನೀವು ಒಸಿ ಬಿಸಿ ಮಾಡ್ಕಂಡು ಅಳೆಣ್ಣೆ ಪೂರಾ ಬುಟ್ಟಿರಿ.”

“ಎಷ್ಟಮ್ಮಾ?”

“ನಾಕ್ ಲೀಟ್ರು ಇಡೀತದೆ. ದೊಡ್ ಪಾತ್ರೆ ಮಡೀಕಳಿ. ಬುಟ್ಟಾದ್ಮೇಲೆ ಒಂದ್ ಗಂಟೆ ಅಂಗೇ ಇರ್ಲಿ. ಎಲ್ ಬುಡೋದು ಅಂತ ಗೊತ್ತಲ್ವಾ ಸಾ? ಕೆಳ್...”

“ಗೊತ್ತಮ್ಮಾ ಗೊತ್ತು! ನನಗೇ ಪಾಠವೇ?” ಎಂದು ಮೇಷ್ಟ್ರು ಫೋನು ಇಟ್ಟರು.

ಇಟ್ಟ ಕೂಡಲೇ ವಿದ್ಯೆ ಕೆಲಸ ಶುರುಮಾಡಿತು. ಅಳೆಣ್ಣೆ! ಮುಂದೊಂದು ‘ಹ’ ಬಿದ್ದುಹೋಗಿದೆ, ಟ್ರ್ಯಾಕ್ಟರಿನ ಸದ್ದಿನಲ್ಲಿ ‘ಳ’ದ ಒತ್ತೂ ಕೇಳಿಸಿಲ್ಲ. ಸೇರಿಸಿದರೆ ಹಳ್ಳೆಣ್ಣೆ. ನಡುವೆ ಒಂದು ‘ರ’ವೂ ಮಾಯವಾಗಿದೆ. ಅದನ್ನೂ ಸೇರಿಸಿದರೆ ಹರಳೆಣ್ಣೆ! ಬಿಸಿ ಮಾಡಿ ನಾಲ್ಕು ಲೀಟರ್ ಹರಳೆಣ್ಣೆ ಬಿಡಬೇಕು! ತಮ್ಮ ತಾಯಿಯೂ ಶನಿವಾರದ ಅಭ್ಯಂಜನಕ್ಕೆ ಹರಳೆಣ್ಣೆಯನ್ನು ಬಿಸಿ ಮಾಡಿಯೇ ನೆತ್ತಿಗೆ ಬಿಡುತ್ತಿದ್ದದ್ದು ನೆನಪಾಗಿ ಅವರ ಕಣ್ಣು ತೇವವಾಯಿತು.

ಹಾಗೆಂದು ಅವರು ವಿವೇಚನೆಯಿಲ್ಲದವರಲ್ಲ. ಕಾರಿಗೆ ಹರಳೆಣ್ಣೆಯೇ ಎಂಬ ಸಣ್ಣ ಅನುಮಾನ ಬಂದು ಮೊಬೈಲಿನಲ್ಲಿ ಹುಡುಕಿದರು. ಒಂದು ಕಾಲದಲ್ಲಿ ರೇಸಿನ ಕಾರುಗಳ ಇಂಜಿನ್ನಿಗೆ ಹರಳೆಣ್ಣೆಯನ್ನೇ ಬಳಸುತ್ತಿದ್ದರು ಎಂದು ಮೊಬೈಲು ಸಾರಿ ಹೇಳಿತು! ಮೇಷ್ಟ್ರು ಕುರ್ಚಿಯಿಂದ ಎದ್ದೇ ನಿಂತರು. ಮದ್ದೂರಿನ ಈ ಹುಡುಗಿಯ ಜ್ಞಾನಕ್ಕೆ ಮನಸ್ಸಿನಲ್ಲೇ ಶಹಭಾಸ್ ಹೇಳಿ, ಚೀಲ ಹಿಡಿದು ಗಾಣದ ಅಂಗಡಿಗೆ ನಡೆದರು.

ಗಾಣದ ರವಿಚಂದ್ರ ಅಳತೆ ಕೇಳಿ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟ.

“ನಾಕ್ ಲೀಟ್ರು ಅಳ್ಳೆಣ್ಣೆಯಾ? ಮನೇಲಿ ಎಸ್ಟ್ ಜನಕ್ ಒಟ್ಟೆ ಕಟ್ಕಂಡದೆ ಮೇಷ್ಟ್ರೇ?”

“ಹೊಟ್ಟೆಗಲ್ಲಯ್ಯ, ಕಾರಿಗೆ!”

“ಕಾರ್ಗೂ ಕಟ್ಕತದಾ!”

“ದೂರ ಪ್ರಯಾಣಕ್ಕೆ ಮುಂಚೆ ಬಿಡಬೇಕು. ನಿನಗೆ ತಿಳಿಯದು, ಅಳೆದುಕೊಡು.”

ರವಿಚಂದ್ರ ಅಳೆದುಕೊಟ್ಟ. ಆದರೆ ಮೇಷ್ಟ್ರು ತಿರುವಿನಲ್ಲಿ ಮರೆಯಾಗುವವರೆಗೂ ಕತ್ತು ಚಾಚಿ ನೋಡುತ್ತಲೇ ಇದ್ದ.

ಮನೆಯಲ್ಲಿ ಗೋದಮ್ಮ ಇರಲಿಲ್ಲ, ಹೂವಿನ ಮಾರ್ಕೆಟ್ಟಿಗೆ ಹೋಗಿದ್ದರು. ದೊಡ್ಡ ಪಾತ್ರೆ ಎಂದರೆ ಅಡುಗೆಮನೆಯಲ್ಲಿ ಒಂದೇ ಇತ್ತು, ದಾರಿಗೆಂದು ಪುಳಿಯೋಗರೆ ಗೊಜ್ಜು ಕಾಯಿಸಲು ಉಜ್ಜಿ ತೊಳೆದು ಬೋರಲು ಹಾಕಿದ್ದ ದಬರಿ. ಮೇಷ್ಟ್ರು ಅದನ್ನೇ ಒಲೆಗೇರಿಸಿದರು. ಎಣ್ಣೆ ಕಾದಂತೆಲ್ಲ ಆ ವಾಸನೆ ಅಡುಗೆಮನೆ ತುಂಬಿ, ನಡುಮನೆ ತುಂಬಿ, ಬೀದಿ ದಾಟಿ ಯಶೋದಮ್ಮನವರ ಮೂಗಿಗೆ ಬಡಿಯಿತು.

“ಗೋದಮ್ಮಾ, ಯಾರಿಗ್ರೀ ಔಡಲೆಣ್ಣೆ ಕುಡಿಸ್ತಿದೀರಾ? ಮಕ್ಕಳು ಮರಿ ಬಂದಿದಾರಾ?” ಎಂದು ಅಲ್ಲಿಂದಲೇ ಕೂಗಿದರು.

ಉತ್ತರ ಕೊಡಲು ಮೇಷ್ಟ್ರಿಗೆ ಪುರುಸೊತ್ತಿರಲಿಲ್ಲ. ಬಾನೆಟ್ಟೆತ್ತಿ, ಎಣ್ಣೆಯ ಚಿತ್ರವಿದ್ದ ಮುಚ್ಚಳ ಬಿಚ್ಚಿ, ಆಲಿಕೆಯಿಟ್ಟು, ಬೆಚ್ಚನೆಯ ಹರಳೆಣ್ಣೆಯನ್ನು ಸಣ್ಣಗೆ ಧಾರೆ ಬಿಟ್ಟರು. ಒಳಗೆ ಎಣ್ಣೆ ಎಷ್ಟಿದೆಯೆಂದು ನೋಡುವ ಕಡ್ಡಿಯನ್ನು ಎಳೆದರೆ, ಗುರುತು ದಾಟಿ ಹಿಡಿಯವರೆಗೂ ಎಣ್ಣೆ ಹತ್ತಿತ್ತು! ಸಮೃದ್ಧಿ ಯಾವಾಗಲೂ ಶುಭವೇ ಎಂದುಕೊಂಡು ಮೇಷ್ಟ್ರು ಕಡ್ಡಿಯನ್ನು ಒಳಕ್ಕೆ ತಳ್ಳಿದರು.

ಒಂದು ಗಂಟೆ ಕಾದರು. ಅಷ್ಟರಲ್ಲಿ ಗೋದಮ್ಮ ಬಂದು, ಅಡುಗೆಮನೆಗೆ ಹೋಗಿ, ಹೋದಷ್ಟೇ ಬೇಗ ಹೊರಗೆ ಬಂದರು.

“ರೀ! ನನ್ನ ಗೊಜ್ಜಿನ ದಬರಿ!”

“ದಬರಿ ಹೋದ್ರೆ ಹೋಗ್ಲಿ ಗೋದಾ! ನೋಡಿಲ್ಲಿ!” ಎಂದು ಮೇಷ್ಟ್ರು ಕಾರಿನೊಳಕ್ಕೆ ಇಳಿದು ಕೀಲಿ ತಿರುಗಿಸಿದರು.

ಕಾರು ಒಂದು ಸಲ ಬಿಕ್ಕಿತು. ಇನ್ನೊಂದು ಸಲ ಕೆಮ್ಮಿತು. ಆಮೇಲೆ ಹಿಂದಿನ ಕೊಳವೆಯಿಂದ ಬೆಳ್ಳಗೆ ಹೊಗೆ ಹೊರಟಿತು ನೋಡಿ! ಗೇಟು ಕಾಣದಾಯಿತು, ಯಶೋದಮ್ಮನವರ ಮನೆ ಕಾಣದಾಯಿತು, ಕಡೆಗೆ ಗೋದಮ್ಮನೇ ಕಾಣದಾದರು. ಹೊಗೆಯೊಳಗಿಂದ ಅವರ ಕೆಮ್ಮು ಮಾತ್ರ ಕೇಳುತ್ತಿತ್ತು. ಕಾರಿನ ಅಡಿಯಲ್ಲಿ ಸಂದು ಸಂದಿನಿಂದ ಎಣ್ಣೆ ಜಿನುಗಿ ರಂಗೋಲಿಯ ಮೇಲೆ ಹರಿಯಿತು. ಬೀದಿಯ ನಾಯಿಯೊಂದು ಮೂಸಿ ನೋಡಿ, ಸೀನಿ, ಬಾಲ ಮುದುರಿಕೊಂಡು ಓಡಿತು.

ಸರಿಯಾಗಿ ಆಗಲೇ ರೂಪಳ ಸ್ಕೂಟರು ಬಂದು ನಿಂತಿತು. ಕಾಲ ಬಳಿ ಹೊಸ ಆಯಿಲಿನ ಡಬ್ಬ. ಅವಳು ಎರಡು ಸಲ ಮೂಗೆಳೆದಳು.

“ಮೊದ್ಲು ಆಫ್ ಮಾಡಿ ಸಾ! ಯಾರ್ ಇದ್ಕೆ ಅಳ್ಳೆಣ್ಣೆ ಉಯ್ದೋರು?”

“ನೀನೇ ಹೇಳಿದೆಯಲ್ಲಮ್ಮ!”

“ನಾನಾ? ನಾ ಅಳೆಣ್ಣೆ ಬುಡಿ ಅಂದೆ!”

“ಅದನ್ನೇ ಬಿಟ್ಟೆ!”

“ಅಳೆಣ್ಣೆ ಸಾ! ಅಳೇದು! ಇಂಜಿನ್ನೊಳ್ಗಿರೋ ಅಳೇ ಎಣ್ಣೆ! ಗಾಡಿ ಒಸಿ ಓಡ್ಸಿ ಬಿಸಿ ಮಾಡ್ಕಂಡು, ಕೆಳ್ಗಡೆ ನಟ್ ಬಿಚ್ಚಿ, ಪಾತ್ರೆ ಮಡ್ಗಿ ಆಚಿಕ್ ಬುಡಿ ಅಂದ್ರೆ, ನೀವು ಮ್ಯಾಲಿಂದ ಒಳಿಕ್ ಬುಟ್ಟಿದ್ದೀರಲ್ಲ!”

ಮೇಷ್ಟ್ರು ಸ್ಟೇರಿಂಗ್ ಹಿಡಿದುಕೊಂಡೇ ಕೂತರು. ‘ಬಿಡು’ ಎಂಬ ಕ್ರಿಯಾಪದದಿಂದ ಒಳಕ್ಕೂ ಬಿಡಬಹುದು, ಹೊರಕ್ಕೂ ಬಿಡಬಹುದು ಎಂದು ಅವರಿಗೆ ಹೊಳೆದದ್ದು ಆಗಲೇ. ಆದರೂ ಅಷ್ಟು ಸುಲಭವಾಗಿ ಸೋಲುವ ಜೀವ ಅದಲ್ಲ.

“ಹಳೆಯ ಎಣ್ಣೆ ಅಂತ ಬಿಡಿಸಿ ಹೇಳೋದಲ್ವೇನಮ್ಮ?”

“ನೀವೇ ಅಲ್ವಾ ಸಾ ಕಲ್ಸಿದ್ದು? ಅಳೆ ಪ್ಲಸ್ ಎಣ್ಣೆ, ಅಳೆಣ್ಣೆ. ಲೋಪಸಂದಿ! ಇಡೀ ಪರೀಕ್ಸೇಲಿ ನಂಗೆ ಪೂರಾ ಮಾರ್ಕ್ಸ್ ಬಂದಿದ್ದು ಅದೊಂದ್ಕೇಯ!”

ಹೊಗೆಯೊಳಗಿಂದ ಗೋದಮ್ಮ ನಗುವುದು ಕೇಳಿಸಿತು. ಕೆಮ್ಮಿಗಿಂತ ಅದೇ ಮೇಷ್ಟ್ರಿಗೆ ಹೆಚ್ಚು ನೋವು ಕೊಟ್ಟಿತು.

ಆ ಸಂಜೆ ರಥವು ಖಾಲಿ ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಹಗ್ಗ ಕಟ್ಟಿಸಿಕೊಂಡು ಮದ್ದೂರಿಗೆ ಪ್ರಯಾಣ ಬೆಳೆಸಿತು. ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕಲ್ಲ, ಮೇಷ್ಟ್ರೇ ಕೂತರು. ಬಟ್ಟೆಯ ಟಾಪು ಮುಚ್ಚಲು ಬರಲಿಲ್ಲ. ಟ್ರೈಲರಿನಿಂದ ಹಾರಿದ ಕಬ್ಬಿನ ತರಗೆಲ್ಲ ಅವರ ತಲೆಯ ಮೇಲೆ ಪುಷ್ಪವೃಷ್ಟಿಯಾಯಿತು. ಗೆಜ್ಜಲಗೆರೆಯ ಹತ್ತಿರ ಬೈಕಿನಲ್ಲಿ ಪಕ್ಕಕ್ಕೆ ಬಂದ ಹಳೆಯ ಶಿಷ್ಯನೊಬ್ಬ, “ನಮಸ್ಕಾರ ಸಾ! ಫ್ಯಾಕ್ಟ್ರೀಗ್ ಅರೆಯಕ್ ಓಯ್ತಾ ಅದಾ ಕಾರು?” ಎಂದು ಕೇಳಿ ಮುಂದೆ ಹೋದ. ಅವನಿಗೂ ಮೇಷ್ಟ್ರೇ ಕನ್ನಡ ಕಲಿಸಿದ್ದು.

ಗುರುವಾರ ಇಡೀ ದಿನ ರೂಪ ಇಂಜಿನ್ನಿನ ಹೊಟ್ಟೆ ತೊಳೆದಳು. ಒಂದು ಸಲ ತೊಳೆದರೆ ಹೋಗಲಿಲ್ಲ, ಎರಡು ಸಲ ತೊಳೆದಳು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಹತ್ತು ನಿಮಿಷಕ್ಕೊಮ್ಮೆ “ಆಗುತ್ತೇನಮ್ಮಾ?” ಎನ್ನುತ್ತಿದ್ದರು. ಮೂವತ್ತು ವರ್ಷ ಕಾದದ್ದು ನಾಲ್ಕು ಲೀಟರ್ ಎಣ್ಣೆಯಲ್ಲಿ ಜಾರಿಹೋಗುತ್ತಿದೆಯಲ್ಲ ಎಂದು ಅವರಿಗೆ ನಿಜವಾಗಿಯೂ ಅಳು ಬರುವಂತಾಗಿತ್ತು. ಗೋದಮ್ಮ ಬಸ್ಸಿನಲ್ಲಿ ಬಂದಿಳಿಯುವ ಹೊತ್ತಿಗೆ ಇಂಜಿನ್ನು ಹೊಗೆಯಿಲ್ಲದೆ ಗುರುಗುಟ್ಟಿತು.

“ಗಾಡಿ ಓಯ್ತದೆ ಅಮ್ಮಾ,” ಎಂದಳು ರೂಪ ಕೈ ಒರೆಸಿಕೊಳ್ಳುತ್ತ. “ಆದ್ರೆ ಒಳ್ಗೆ ಒಸಿ ಅಂಟು ಇನ್ನೂ ಅದೆ. ನೂರ್ ಕಿಲೋಮೀಟ್ರಿಗ್ ಒಂದಪ ನಿಲ್ಸಿ ಎಣ್ಣೆ ನೋಡ್ಬೇಕು. ಕೆಲ್ಸ ಗೊತ್ತಿರೋರು ಒಬ್ರು ಜೊತೇಲಿರ್ಬೇಕು.”

“ನಾನಿದ್ದೇನಲ್ಲ!” ಎಂದರು ಮೇಷ್ಟ್ರು.

ಗೋದಮ್ಮ ಕಾರಿನ ಸುತ್ತ ಒಂದು ಸುತ್ತು ಬಂದರು. “ಇದಕ್ಕಿರೋದು ಎರಡೇ ಸೀಟು,” ಎಂದರು ನಿಧಾನವಾಗಿ. “ಸಮುದ್ರ ನೋಡ್ಬೇಕಾದೋಳು ನಾನು. ಕಾರು ಓಡಿಸ್ಬೇಕಾದೋಳು ರೂಪ. ಮಿಕ್ಕೋರು ಯಾರು, ನೀವೇ ಲೆಕ್ಕ ಹಾಕಿ. ಮಧುಕರನ ವ್ಯಾನಲ್ಲಿ ಸೀಟು ಹೇಗೂ ಇದೆ.”

“ಗೋದಾ! ಇದು ನನ್ನ ಕಾರು!”

“ಹೌದಲ್ಲ, ನಿಮ್ಮದೇ! ನಾವು ಓಡಿಸಿ ವಾಪಸ್ ತಂದುಕೊಡ್ತೀವಿ.”

ಹೀಗಾಗಿ ಶುಕ್ರವಾರ ಬೆಳಿಗ್ಗೆ ಮಳವಳ್ಳಿಯಲ್ಲಿ ಯೋಗಾನರಸಿಂಹ ಮೇಷ್ಟ್ರು ವ್ಯಾನು ಹತ್ತಿದರು. ಉಳಿದಿದ್ದ ಒಂದೇ ಸೀಟು ಕಟ್ಟಕಡೆಯ ಸಾಲಿನಲ್ಲಿ, ಚಕ್ರದ ಮೇಲೆ, ಇಬ್ಬರು ದಪ್ಪ ಲೈನ್‌ಮನ್ನರ ನಡುವೆ ಇತ್ತು. ಹಂಪು ಬಂದಾಗಲೆಲ್ಲ ಮೇಷ್ಟ್ರು ಮೇಲೆ ಹಾರಿ, ಇಬ್ಬರ ನಡುವೆ ಇನ್ನಷ್ಟು ಬಿಗಿಯಾಗಿ ಬಂದು ಕೂರುತ್ತಿದ್ದರು. ಕೊಳ್ಳೇಗಾಲ ದಾಟುವ ಮುಂಚೆಯೇ ಅಂತ್ಯಾಕ್ಷರಿ ಶುರುವಾಯಿತು. ಆಗಲೇ ಕಿಟಕಿಯಾಚೆ ಕೆಂಪಗೆ ಏನೋ ಸರಕ್ಕನೆ ಹೋಯಿತು. ಕಪ್ಪು ಕನ್ನಡಕ ಹಾಕಿದ್ದ ಇಬ್ಬರು ಹೆಂಗಸರು, ಗಾಳಿಯಲ್ಲಿ ಹಾರುತ್ತಿದ್ದ ಒಂದು ಸೆರಗು, ಉದ್ದಕ್ಕೂ ಒಂದು ಹಾರನ್ನು!

“ಭಾವಾ, ಅಕ್ಕ ಟಾಟಾ ಮಾಡಿದ್ಲು, ನೋಡಿದ್ರಾ?” ಎಂದ ಮಧುಕರ ಮುಂದಿನಿಂದ. ಭಾವನವರು ನೋಡಿದ್ದರು, ಆದರೆ ಮರಳಿ ಟಾಟಾ ಮಾಡಲು ಎರಡೂ ಕೈ ಲೈನ್‌ಮನ್ನರ ನಡುವೆ ಸಿಕ್ಕಿಕೊಂಡಿದ್ದವು.

ವ್ಯಾನು ಆ ರಾತ್ರಿ ಮಧುರೆಯಲ್ಲಿ ತಂಗಿ, ಮಾರನೆಯ ದಿನ ನಸುಕಿನಲ್ಲೇ ಹೊರಟರೂ ಕಂಡ ಕಂಡ ದೇವಸ್ಥಾನದ ಮುಂದೆಲ್ಲ ನಿಂತಿತು. ಕಾರು ಬೆಳಿಗ್ಗೆಯೇ ಕನ್ಯಾಕುಮಾರಿ ಮುಟ್ಟಿದೆ ಎಂದು ತಿಳಿದಾಗ ಮೇಷ್ಟ್ರು ಕೈಯಲ್ಲಿದ್ದ ಇಡ್ಲಿಯ ಪೊಟ್ಟಣವನ್ನು ಪಕ್ಕದ ಲೈನ್‌ಮನ್ನನ ಕೈಗಿಟ್ಟರು. ಮುಗಿಯಿತು, ನೋಡಿರುತ್ತಾಳೆ! ಅಷ್ಟರಲ್ಲಿ ಗೋದಮ್ಮನದೇ ಫೋನು ಬಂತು.

“ನಾನಿನ್ನೂ ನೋಡಿಲ್ಲ ಕಣ್ರೀ,” ಎಂದರು, ಎಂದೂ ಇಲ್ಲದ ಮೃದುವಾದ ದನಿಯಲ್ಲಿ. “ನೀವಿಲ್ದೆ ಹೇಗೆ ನೋಡ್ಲಿ? ಸಮುದ್ರಕ್ಕೆ ಬೆನ್ನು ಮಾಡಿ ಕೂತಿದೀನಿ. ಬೇಗ ಬನ್ನಿ.”

ಮೇಷ್ಟ್ರು ಫೋನಿಟ್ಟು ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ಅಂತ್ಯಾಕ್ಷರಿ ತಾನಾಗಿ ನಿಂತಿತು. ಲೈನ್‌ಮನ್ನರಲ್ಲೊಬ್ಬ ನೀರಿನ ಬಾಟಲಿ ಕೊಟ್ಟ. ಇನ್ನೊಬ್ಬ ಡ್ರೈವರಿಗೆ, “ಲೇ, ಒಸಿ ಜೋರಾಗ್ ಬುಡ್ಲಾ!” ಎಂದ. ಆ ಮಾತು ಮೇಷ್ಟ್ರಿಗೆ ವೇದವಾಕ್ಯದಷ್ಟು ಶುದ್ಧವಾಗಿ ಕೇಳಿಸಿತು.

ಹನ್ನೊಂದು ಗಂಟೆಗೆ ವ್ಯಾನು ನಿಂತ ಕೂಡಲೇ ಮೇಷ್ಟ್ರು ಚಪ್ಪಲಿ ಸಿಕ್ಕಿಸಿಕೊಳ್ಳದೆ ಓಡಿದರು. ಗೋದಮ್ಮ ನಿಜವಾಗಿಯೂ ದಂಡೆಯ ಕಟ್ಟೆಯ ಮೇಲೆ ಊರಿನ ಕಡೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ರೂಪ ಮಾವಿನಕಾಯಿ ಹೋಳು ಕಡಿಯುತ್ತಿದ್ದಳು. ಮೇಷ್ಟ್ರು ಏದುಸಿರು ಬಿಡುತ್ತ ಕಟ್ಟೆ ಬಳಸಿ ಬಂದು, ಹೆಂಡತಿಯ ಹಿಂದೆ ಸಮುದ್ರಕ್ಕೆ ಬೆನ್ನು ಮಾಡಿ ನಿಂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

“ಸರಿ ಗೋದಾ. ಈಗ ತಿರುಗು.”

ಗೋದಮ್ಮ ತಿರುಗಿದರು. ಕಣ್ಣು ಅರಳಿತು, ಹುಬ್ಬು ಮೇಲೇರಿತು, ಬಾಯಿ ತಾನಾಗಿ ತೆರೆದುಕೊಂಡಿತು, ಕೈ ನಿಧಾನವಾಗಿ ಎದೆಯ ಮೇಲೆ ಬಂತು. “ಅಯ್ಯಪ್ಪಾ! ಇಷ್ಟೊಂದಾ!” ಎಂದರು. ಮೂವತ್ತು ವರ್ಷ ಮೇಷ್ಟ್ರು ಮನಸ್ಸಿನಲ್ಲಿ ಬರೆದುಕೊಂಡಿದ್ದ ಮುಖ ಅದೇ, ಒಂದು ಗೆರೆಯೂ ತಪ್ಪಿರಲಿಲ್ಲ. ಅವರು ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ. ಬದುಕಿನಲ್ಲಿ ಇಷ್ಟು ಸಂತೋಷ ತಮಗೆಂದೂ ಆಗಿರಲಿಲ್ಲ ಎನಿಸಿತು.

ರೂಪ ಮಾವಿನಕಾಯಿಯ ಉಪ್ಪು ಖಾರ ಚೀಪುತ್ತ ತಲೆಯಾಡಿಸಿದಳು.

“ಚೆಂದಾಯ್ತು ಅಮ್ಮಾ. ಆದ್ರೂ ಬೆಳಿಗ್ಗೆ ಎಂಟ್ ಗಂಟೇಲಿ ನೋಡುದ್ರಲ್ಲ, ಆವಾಗ ಬಾಯಿ ಇನ್ನೂ ಒಸಿ ದೊಡ್ದಾಗಿ ಬುಟ್ಟಿದ್ರಿ!”

ಮೇಷ್ಟ್ರು ಮೆಲ್ಲಗೆ ತಲೆ ಬಗ್ಗಿಸಿದರು. ಗೋದಮ್ಮನ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿ, ಆಗಲೇ ಅರ್ಧ ಒಣಗಿ, ಅಂಚಿಗೆಲ್ಲ ಮರಳು ಮೆತ್ತಿತ್ತು.

ಗೋದಮ್ಮ ನಾಲಿಗೆ ಕಚ್ಚಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು, ಮತ್ತೆ ಊರಿನ ಕಡೆ ಮುಖ ಮಾಡಿ ಕೂತು ಕೇಳಿದರು:

“ಸರಿಯಾಗಿ ನೋಡ್ಕೊಂಡಿರೋ ಇಲ್ವೋ? ಇನ್ನೊಂದ್ಸಲ ತಿರುಗ್ಲಾ?”